ಕಾರಣ: ಹೊರಗಿನ ಬಿಸಿಲು

ಅಜ್ಜಿ ಫೋನ್ ಎತ್ತಲಿಲ್ಲ. ಮೂರು ಸಲ ಮಾಡಿದೆ. ಮೂರು ಸಲವೂ ಪೂರ್ತಿ ರಿಂಗಾಗಿ ತಾನಾಗಿ ನಿಂತಿತು. ಜಯನಗರದ ನಾಲ್ಕನೇ ಬ್ಲಾಕಿನ ನಮ್ಮ ಆಫೀಸಿನ ಗಡಿಯಾರದಲ್ಲಿ ಹನ್ನೊಂದು ಗಂಟೆಯಾಗಿತ್ತು. ನನ್ನೆದುರಿನ ಪರದೆಯಲ್ಲಿ ಜರಗನಹಳ್ಳಿಯ ಒಂದು ಮನೆಯ ತಾರಸಿ ಮೇಲಿರುವ ಮೊಬೈಲ್ ಟವರಿನ ಬ್ಯಾಟರಿ ನಿಮಿಷ ನಿಮಿಷಕ್ಕೂ ಬಿಸಿಯೇರುತ್ತಿತ್ತು. ಆ ಹೊತ್ತಿಗೆ ಆ ಮನೆಯ ಅಜ್ಜಿ ಅದೇ ಬ್ಯಾಟರಿಯಿರುವ ಡಬ್ಬಿಗೆ ಬೆನ್ನು ಕೊಟ್ಟು ಕೂತಿರುತ್ತಾರೆ ಎಂಬುದು ಇಡೀ ಕಂಪನಿಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಪರದೆಗೆ ಮಾತ್ರ ಯಾವ ಗಾಬರಿಯೂ ಇರಲಿಲ್ಲ. ಜರಗನಹಳ್ಳಿಯ ಸಾಲಿನಲ್ಲಿ ಬೂದುಬಣ್ಣದ ಅಕ್ಷರಗಳಲ್ಲಿ ಬರೆದಿತ್ತು: ಕಾರಣ, ಹೊರಗಿನ ಬಿಸಿಲು. ಗಮನ ಬೇಡ. ಸಂಜೆಗೆ ತಾನಾಗಿ ಸರಿಹೋಗುತ್ತದೆ.

ನಾನು ಕಿಟಕಿಯಾಚೆ ನೋಡಿದೆ. ಹಿಂದಿನ ಸಂಜೆ ಮಳೆ ಬಿದ್ದು ಬೆಳಗಿನಿಂದ ಮೋಡ ಕವಿದಿತ್ತು. ಕಾಂಪ್ಲೆಕ್ಸಿನ ಬಳಿ ಹೂವಿನವರು ತಲೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಬಿಚ್ಚಿರಲಿಲ್ಲ. ಬಿಸಿಲು ಎಂಬುದು ದುರ್ಬೀನು ಹಾಕಿ ಹುಡುಕಿದರೂ ಇರಲಿಲ್ಲ.

'ಹೊರಗಿನ ಬಿಸಿಲು' ಎಂಬ ಆ ಎರಡು ಪದಗಳನ್ನು ಯಂತ್ರಕ್ಕೆ ಕಲಿಸಿದವನು ನಾನು. ಅದನ್ನು ಹೇಳದೆ ಮುಂದಿನದನ್ನು ಹೇಳಲು ಬರುವುದಿಲ್ಲ.

ನಾನು ಡಿಪ್ಲೊಮಾ ಮುಗಿಸಿ ಫೋನಿನ ಕೇಬಲ್ ಎಳೆಯುವುದರಿಂದ ಶುರುಮಾಡಿದವನು. ಆಮೇಲೆ ಟವರುಗಳು ಬಂದವು. ಬನಶಂಕರಿ, ಜೆಪಿ ನಗರ, ಬಿಟಿಎಂ ಲೇಔಟು, ಈ ಭಾಗದ ಯಾವ ತಾರಸಿಯ ಬಾಗಿಲು ಯಾವ ಕಡೆಗೆ ತೆಗೆಯುತ್ತದೆ, ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಯಜಮಾನ ಕಚ್ಚುತ್ತಾನೆ ಎಲ್ಲ ಗೊತ್ತು. ಮಂಡಿ ಕೈಕೊಟ್ಟ ಮೇಲೆ ಕಂಪನಿಯವರು ಕರುಣೆಯಿಟ್ಟು ಆಫೀಸಿನಲ್ಲಿ ಕುರ್ಚಿ ಕೊಟ್ಟರು. ಅದೇ ಹೊತ್ತಿಗೆ ಎಐ ಬಂತು. ನನ್ನಂಥ ಹಳಬರಿಗೆ ಇಬ್ಬರು ಸವತಿಯರು ಒಂದೇ ದಿನ ಮನೆಗೆ ಬಂದಂತಾಯಿತು, ಕುರ್ಚಿ ಮತ್ತು ಎಐ.

ಮೊದಮೊದಲು ನಾನು ಅದನ್ನು ಬೈಯುತ್ತಿದ್ದೆ. ಬೈಯುವುದು ನನ್ನ ಹುಟ್ಟುಗುಣ. ಆದರೆ ಅದರ ಕೆಲಸ ನೋಡಿದ ಮೇಲೆ ಬಾಯಿ ಸ್ವಲ್ಪ ಕಟ್ಟಿತು. ಒಂದು ಕಡೆ ಕೇಬಲ್ ತುಂಡಾದರೆ ಹತ್ತು ಟವರುಗಳಿಂದ ನೂರಾರು ಅಲಾರಂ ಒಟ್ಟಿಗೆ ಬಡಿದುಕೊಳ್ಳುತ್ತವೆ. ಅವುಗಳಲ್ಲಿ ರೋಗ ಯಾವುದು, ನರಳಾಟ ಯಾವುದು ಎಂದು ಬೇರ್ಪಡಿಸಲು ನಮಗೆ ಅರ್ಧ ದಿನ ಬೇಕಿತ್ತು. ಎಐ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತಿತ್ತು. ಗಿರಿನಗರದಲ್ಲಿ ನಮ್ಮ ಮನೆಗೆ ಹತ್ತಿರದ ಟವರಿನ ಬ್ಯಾಟರಿ ಇನ್ನು ಹತ್ತು ದಿನ ಬಾಳುವುದಿಲ್ಲ ಎಂದು ಒಮ್ಮೆ ಹೇಳಿತು. ನಾನು ನಕ್ಕೆ. ಎಂಟನೇ ದಿನ ಅದು ಸತ್ತಿತು. ಬದಲಿ ಬ್ಯಾಟರಿ ಮೊದಲೇ ಬಂದಿದ್ದರಿಂದ ನನ್ನ ಮನೆಯಲ್ಲಿ ಒಂದು ಫೋನ್ ಕರೆಯೂ ಕಡಿಯಲಿಲ್ಲ.

ಅದಕ್ಕೆ ಇದೆಲ್ಲ ಹೇಗೆ ಗೊತ್ತಾಗುತ್ತದೆ ಎಂದರೆ ನಮ್ಮಿಂದಲೇ. ಪ್ರತಿ ಅಲಾರಂಗೂ ಒಂದು ಟಿಕೆಟ್ ಹುಟ್ಟುತ್ತದೆ. ರಿಪೇರಿ ಮುಗಿಸಿದವನು ಕಾರಣ ಬರೆದು ಅದನ್ನು ಮುಚ್ಚುತ್ತಾನೆ. ನಾವು ವರ್ಷಗಟ್ಟಲೆ ಮುಚ್ಚಿದ ಅಂಥ ಟಿಕೆಟುಗಳನ್ನೆಲ್ಲ ಅದಕ್ಕೆ ಪಾಠವಾಗಿ ಉಣಿಸಿದ್ದರು. ಉಣಿಸುವ ಮುಂಚೆ ನಮ್ಮಂಥ ಹಳಬರನ್ನು ಎರಡು ವಾರ ಕೂರಿಸಿ, ಒಂದೊಂದೇ ಟಿಕೆಟ್ ತೋರಿಸಿ, ಬರೆದ ಕಾರಣ ಸರಿಯೋ ತಪ್ಪೋ ಹೇಳಿ ಎಂದಿದ್ದರು. ಬೇರೆಯವರ ಟಿಕೆಟುಗಳಲ್ಲಿ ನಾನು ಬೇಕಾದಷ್ಟು ತಪ್ಪು ಹಿಡಿದೆ. ಹಿಡಿದು ಅವರ ಮಾನವನ್ನೂ ಕಳೆದೆ. ಜರಗನಹಳ್ಳಿಯ ನನ್ನವೇ ಟಿಕೆಟುಗಳು ಬಂದವು. ಒಂದೊಂದಕ್ಕೂ 'ಸರಿ' ಒತ್ತಿದೆ.

ಆ ಮನೆಯವರು ಮೊದಲು ರೈತರು. ಈಗ ಲೇಔಟಾಗಿರುವ ಜಾಗದಲ್ಲಿ ಅವರ ರಾಗಿ ಹೊಲವಿತ್ತಂತೆ. ಈಗ ಮೂರಂತಸ್ತಿನ ಮನೆ, ಕೆಳಗೆಲ್ಲ ಬಾಡಿಗೆಯವರು, ಮೇಲೆ ಅಜ್ಜಿ, ಮಗ, ಸೊಸೆ. ಮಗ ಸೊಸೆ ಬೆಳಗ್ಗೆಯೇ ಅಂಗಡಿಗೆ ಹೊರಟರೆ ಮಧ್ಯಾಹ್ನದವರೆಗೆ ಅಜ್ಜಿ ಒಬ್ಬರೇ. ನನ್ನ ತಲೆಯೇ ಮುಕ್ಕಾಲು ನರೆತಿದ್ದರೂ ಬೀದಿಯವರೆಲ್ಲ ಕರೆಯುವಂತೆ ನಾನೂ ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದೆ. ಟವರಿನವರು ಎಂದರೆ ನೀರು ಕೊಡಲೂ ಮುಖ ಸಿಂಡರಿಸುವ ಮನೆಗಳನ್ನು ಬೇಕಾದಷ್ಟು ಕಂಡಿದ್ದೆ. ಈ ಅಜ್ಜಿ ಮೊದಲ ದಿನವೇ ಕೈಗೆ ಮಜ್ಜಿಗೆ ಕೊಟ್ಟು, "ಕುಡ್ದು ಹತ್ತಪ್ಪ, ಮೇಲೆ ಕಾದಿರ್ತದೆ" ಎಂದಿದ್ದರು.

ಬೇಸಿಗೆ ಬಂದರೆ ಅಜ್ಜಿ ಅಕ್ಕಿ ಸಂಡಿಗೆ ಹಾಕುತ್ತಿದ್ದರು. ಮೂರು ದಿನ ಅಕ್ಕಿ ನೆನೆಸಿ, ರುಬ್ಬಿ, ಬೆಳಗ್ಗೆ ಹಿಟ್ಟು ಬೇಯಿಸಿ, ಹಳೆಯ ಪಂಚೆಗಳ ಮೇಲೆ ಸಾಲುಸಾಲಾಗಿ ಒತ್ತುವುದು. ನಮ್ಮ ಟವರಿನ ಡಬ್ಬಿ, ಅಂದರೆ ಯಂತ್ರಗಳೂ ಬ್ಯಾಟರಿಯೂ ಇರುವ ಆಳೆತ್ತರದ ಕಬ್ಬಿಣದ ಬೀರು, ಹಿಂದುಗಡೆಯಿಂದ ಬಿಸಿಗಾಳಿ ಉಗುಳುತ್ತದೆ. ಎರಡು ದಿನದಲ್ಲಿ ಒಣಗುವ ಸಂಡಿಗೆ ಅಲ್ಲಿ ಒಂದೇ ದಿನಕ್ಕೆ ಗರಿಗರಿಯಾಗುತ್ತದೆ ಎಂಬುದನ್ನು ಅಜ್ಜಿ ಯಾರೂ ಹೇಳಿಕೊಡದೆ ಕಂಡುಹಿಡಿದಿದ್ದರು. ಕಾಗೆ ಕಾಟಕ್ಕೆಂದು ಡಬ್ಬಿಯ ಬಾಗಿಲಿನ ಹಿಡಿಕೆಗೆ ಒಂದು ಹಳೆಯ ಸೀರೆಯನ್ನು ಕಟ್ಟಿ, ಡಬ್ಬಿಯ ಮೇಲಿಂದ ಹಾಯಿಸಿ, ಆಚೆ ತುದಿಯನ್ನು ತಾರಸಿಯಂಚಿನ ಪ್ಯಾರಪೆಟ್ ಕಂಬಿಗೆ ಬಿಗಿದು ಚಪ್ಪರ ಮಾಡುತ್ತಿದ್ದರು. ಅದರ ಕೆಳಗೆ ಒಂದು ಮಣೆ ಹಾಕಿಕೊಂಡು, ಡಬ್ಬಿಗೆ ಒರಗಿ, ಕೈಯಲ್ಲಿ ಕೋಲು ಹಿಡಿದು ಕಾವಲು ಕೂರುತ್ತಿದ್ದರು.

ತೊಂದರೆಯೆಂದರೆ ಡಬ್ಬಿ ಉಸಿರೆಳೆದುಕೊಳ್ಳುವುದು ಆ ಬಾಗಿಲಿನಿಂದ. ಸೀರೆ ಇಳಿಬಿದ್ದು ಅದರ ಮೂಗು ಮುಚ್ಚುತ್ತಿತ್ತು. ಒಳಗೆ ಕಾವು ಏರಿ, ಆಫೀಸಿಗೆ ಅಲಾರಂ ಹೋಗುತ್ತಿತ್ತು.

ಆ ಅಲಾರಂಗೆಂದು ಮೊದಲ ಸಲ ಹೋದಾಗ ನೋಡಿದ ಕೂಡಲೇ ಅರ್ಥವಾಯಿತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಬಿಸಿ ಸಂಡಿಗೆ ಹಿಟ್ಟನ್ನು ತಟ್ಟೆಗೆ ಹಾಕಿ, ಮೇಲೊಂದು ಚಮಚ ಎಣ್ಣೆ ಬಿಟ್ಟು ಕೈಗಿಟ್ಟರು. "ಹೊಲ ಹೋಯ್ತು, ಕಣ ಹೋಯ್ತು. ಉಳ್ದಿರೋದು ಇದೊಂದು ತಾರಸಿ ಕಣಪ್ಪ. ಅದ್ರಲ್ಲೂ ಅರ್ಧ ನಿಮ್ ಡಬ್ಬಿಗ್ ಬಿಟ್ಟಿವ್ನಿ" ಎಂದರು. ಬಾಯಿಯೊಳಗೆ ಹಿಟ್ಟಿಟ್ಟುಕೊಂಡು ಏನು ಹೇಳಲಿ? ಅವರು ಮಜ್ಜಿಗೆ ತರಲು ಕೆಳಗಿಳಿದಾಗ ಸೀರೆಯ ತುದಿಯನ್ನು ಮೆಲ್ಲಗೆ ಮಡಿಸಿ ಮೇಲಕ್ಕೆ ಸಿಕ್ಕಿಸಿದೆ. ಕಾವು ಇಳಿಯಿತು. ಟಿಕೆಟ್ಟಿನಲ್ಲಿ ನಿಜ ಬರೆದರೆ ಜಾಗದ ಮಾಲೀಕರಿಂದ ಅಡ್ಡಿ ಎಂದಾಗುತ್ತದೆ. ಅದಕ್ಕೆ ನೋಟೀಸು ಹೋಗುತ್ತದೆ, ಬೇಲಿ ಬರುತ್ತದೆ. 'ಹೊರಗಿನ ಬಿಸಿಲು' ಎಂಬ ಕಾರಣಕ್ಕೆ ಯಾರಿಗೂ ನೋಟೀಸು ಹೋಗುವುದಿಲ್ಲ. ಸೂರ್ಯನಿಗೆ ಯಾರು ನೋಟೀಸು ಕೊಡುತ್ತಾರೆ?

ಹೀಗೆ ಐದು ಬೇಸಿಗೆ. ಕೊನೆಕೊನೆಗೆ ನಾನು ಹೋಗುತ್ತಲೂ ಇರಲಿಲ್ಲ. ಸಂಜೆ ಅಜ್ಜಿ ಸೀರೆ ಬಿಚ್ಚಿದರೆ ಅಲಾರಂ ತಾನಾಗಿ ಹೋಗುತ್ತದೆ ಎಂದು ಗೊತ್ತಿತ್ತು. ಆಫೀಸಿನಲ್ಲೇ ಕೂತು ಕಾಫಿ ಕುಡಿಯುತ್ತ ಟಿಕೆಟ್ ಮುಚ್ಚುತ್ತಿದ್ದೆ. ಎಐ ಬಂದ ಮೇಲೆ ಆ ಶ್ರಮವೂ ತಪ್ಪಿತು. ಅದೇ ಮುಚ್ಚುತ್ತಿತ್ತು, ನನ್ನದೇ ಮಾತಿನಲ್ಲಿ.

ಆ ಶುಕ್ರವಾರ 'ಗಮನ ಬೇಡ'ದ ಪಟ್ಟಿಯನ್ನು ನಾನು ನೋಡಿದ್ದು ಹಳೆಯ ಚಾಳಿಯಿಂದ. ಹುಡುಗರು ಯಾರೂ ಅದನ್ನು ತೆರೆಯುವುದಿಲ್ಲ. ನನಗೆ ಕಸದ ಬುಟ್ಟಿ ಕೆದಕದಿದ್ದರೆ ಸಮಾಧಾನವಿಲ್ಲ. ಜರಗನಹಳ್ಳಿ ಎಂದು ಕಂಡಾಗ ನಕ್ಕೆ. ಎರಡು ದಿನದ ಹಿಂದೆ ಅಜ್ಜಿ ಫೋನ್ ಮಾಡಿ, "ಶುಕ್ರವಾರ ಸಂಡಿಗೆ ಹಾಕ್ತೀನಿ, ಹಿಟ್ ತಿನ್ನಕ್ಕೆ ಬಾ" ಎಂದಿದ್ದರು. ಆಮೇಲೆ ಅಲಾರಂ ಶುರುವಾದ ಹೊತ್ತು ಕಣ್ಣಿಗೆ ಬಿತ್ತು. ಬೆಳಗಿನ ಐದೂಮುಕ್ಕಾಲು. ಅಜ್ಜಿ ಸ್ನಾನ, ಪೂಜೆ, ಹಿಟ್ಟು ಬೇಯಿಸುವುದು ಮುಗಿಸಿ ಒಂಬತ್ತಕ್ಕೆ ಮುಂಚೆ ತಾರಸಿ ಹತ್ತಿದವರೇ ಅಲ್ಲ. ಐದೂಮುಕ್ಕಾಲಿಗೆ ಸೀರೆ ಇಲ್ಲ, ಸೂರ್ಯನೂ ಇಲ್ಲ. ಹಾಗಾದರೆ ಡಬ್ಬಿ ಒಳಗಿನಿಂದಲೇ ಬಿಸಿಯಾಗುತ್ತಿದೆ.

 ಮೋಡವಿದೆ, ಅಜ್ಜಿ ಇವತ್ತು ಬಿಟ್ಟಿರಬಹುದು ಎಂದು ಒಂದು ಗಳಿಗೆ ಅಂದುಕೊಂಡೆ. ಹುಳಿ ಬಂದ ಹಿಟ್ಟನ್ನು ಯಾರು ಬಿಡುತ್ತಾರೆ? ಹಿಂದೊಮ್ಮೆ ಇಂಥದೇ ಮೋಡದ ದಿನ ಅವರು ಡಬ್ಬಿಯನ್ನು ತಟ್ಟಿ ಹೇಳಿದ್ದು ನೆನಪಾಯಿತು. "ಬಿಸ್ಲಿಲ್ದೇ ಇದ್ರೇನಂತೆ, ಇದೈತಲ್ಲ." ಬಿಸಿಲಿಲ್ಲದ ದಿನ ಅವರು ಡಬ್ಬಿಗೆ ಇನ್ನೂ ಹತ್ತಿರ ಕೂರುತ್ತಾರೆ. ಫೋನನ್ನು ಅಡುಗೆಮನೆಯಲ್ಲೇ ಬಿಟ್ಟಿರುತ್ತಾರೆ. ಮಗನ ನಂಬರಿಗೆ ಮಾಡಿದೆ. ಬೇರೆ ಕರೆಯಲ್ಲಿದ್ದಾರೆ ಎಂದಿತು.

ಎಐ ತಂಡದ ಇಂಜಿನಿಯರ್ ಹುಡುಗಿ ಮೂರು ಮೇಜಿನಾಚೆ ಕೂತಿದ್ದಳು. ನನ್ನ ಮಗಳ ವಯಸ್ಸಿನವಳಾದರೂ ನಾನು ಮೇಡಂ ಎಂದೇ ಕರೆಯುತ್ತಿದ್ದೆ, ಅರ್ಧ ಮರ್ಯಾದೆಗೆ, ಅರ್ಧ ಕೀಟಲೆಗೆ. ಆ ದಿನ ಕೀಟಲೆ ಇರಲಿಲ್ಲ.

"ಮೇಡಂ, ಜರಗನಹಳ್ಳಿ ಸೈಟಿನ ಬ್ಯಾಟರಿ ಕಟ್ ಮಾಡಿ. ಈಗ್ಲೇ."

ಆಕೆ ಪರದೆ ನೋಡಿದಳು. "ಯಾಕ್ ಸಾರ್? ಅದು ಮಾಮೂಲಿ ಅಲ್ವಾ? ಬಿಸಿಲು ಅಂತ ಇದೆ."

"ಆಚೆ ನೋಡಿ. ಎಲ್ಲಿದೆ ಬಿಸಿಲು?"

ಆಕೆ ಕಿಟಕಿಯತ್ತ ತಿರುಗಿದಳು. ಹುಬ್ಬು ಗಂಟಾಯಿತು. "ಆದ್ರೂ ಸಾರ್, ಬ್ಯಾಟರಿ ಕಟ್ ಮಾಡಿದ್ಮೇಲೆ ಕರೆಂಟ್ ಹೋದ್ರೆ ಆ ಏರಿಯಾ ಪೂರ್ತಿ ಸಿಗ್ನಲ್ ಇರಲ್ಲ. ನರ್ಸಿಂಗ್ ಹೋಮ್ ಬೇರೆ ಇದೆ ಅಲ್ಲಿ. ಅದಕ್ಕೇ ಸಿಸ್ಟಮ್ ಸುಮ್ನೆ ಬಿಡಲ್ಲ. ಅದರ ಮಾತು ಮೀರ್ಬೇಕಂದ್ರೆ ನಾನು ಕಾರಣ ಬರೀಬೇಕು, ಮ್ಯಾನೇಜರ್ ಒಪ್ಪಬೇಕು. ನೋಡಿ, ಐದು ಬೇಸಿಗೇಲಿ ನಲವತ್ತೊಂದು ಸಲ ಇದೇ ಅಲಾರಂ. ಅಷ್ಟೂ ಸಲ ಬಿಸಿಲು ಅಂತಾನೇ ಮುಚ್ಚಿದೆ. ಅದ್ರಲ್ಲಿ ಮುಕ್ಕಾಲು ಪಾಲು ಮುಚ್ಚಿರೋದು ನೀವೇ."

ಸುತ್ತಲಿನವರು ಕತ್ತೆತ್ತಿದ್ದರು. ನನ್ನ ದನಿ ಯಾವಾಗಲೂ ದೊಡ್ಡದೇ. ಆಗ ಮಾತ್ರ ಅದು ಎಲ್ಲಿ ಹೋಯಿತೋ.

"ಸುಳ್ಳು ಬರ್ದಿದ್ದೆ" ಎಂದೆ.

"ಸಾರ್?"

"ಒಂದ್ ಸಲಾನೂ ಬಿಸಿಲಲ್ಲ. ಅಲ್ಲೊಬ್ಬರು ಅಜ್ಜಿ ಡಬ್ಬಿಗೆ ಸೀರೆ ಕಟ್ಟಿ ಸಂಡಿಗೆ ಒಣಗಿಸ್ತಾರೆ. ಗಾಳಿ ಹೋಗೋ ಜಾಗ ಮುಚ್ಚೋಗುತ್ತೆ. ಅವ್ರ ಮೇಲೆ ಕಂಪ್ಲೇಂಟ್ ಹೋಗ್ಬಾರ್ದು ಅಂತ ಬಿಸಿಲು ಅಂತ ಬರ್ದೆ."

"ಹಾಗಾದ್ರೆ ಇವತ್ತೂ ಸೀರೇನೇ ಇರ್ಬೋದಲ್ವಾ?"

"ಐದೂಮುಕ್ಕಾಲಿಗೆ ಯಾರಮ್ಮ ಸಂಡಿಗೆ ಹಾಕ್ತಾರೆ? ಒಳಗೇ ಏನೋ ಆಗಿದೆ. ಅವ್ರು ಅದಕ್ಕೇ ಒರಗಿ ಕೂತಿರ್ತಾರೆ ಕಣಮ್ಮ."

ಆಕೆ ಬೇರೊಂದು ಪುಟ ತೆರೆದಳು. ಡಬ್ಬಿಯೊಳಗಿನ ಫ್ಯಾನಿನ ವೇಗ ತೋರಿಸುವ ಗೆರೆ ಅದು. ಬೆಳಗಿನ ಹೊತ್ತಿಗೆ ನೆಲಕಚ್ಚಿ ಅಲ್ಲೇ ಮಲಗಿತ್ತು.

"ಫ್ಯಾನ್ ತಿರುಗ್ತಾನೇ ಇಲ್ಲ ಸಾರ್" ಎಂದಳು, ಅವಳ ದನಿಯೂ ಇಳಿದಿತ್ತು. ಮ್ಯಾನೇಜರ್ ಕೋಣೆಯ ಕಡೆ ಒಮ್ಮೆ ನೋಡಿದಳು. ಅವರು ಫೋನಿನಲ್ಲಿದ್ದರು. "ಆಮೇಲೆ ಬೈಲಿ" ಎಂದು ಆಜ್ಞೆ ಕಳಿಸಿಬಿಟ್ಟಳು. ನಾವಿಬ್ಬರೂ ಪರದೆ ನೋಡುತ್ತ ನಿಂತೆವು. ಬ್ಯಾಟರಿ ಬೇರ್ಪಟ್ಟಿತು. ಕಾವಿನ ಅಂಕಿ ಒಂದು ನಿಮಿಷ ನಿಂತಂತೆ ಮಾಡಿ ಮತ್ತೆ ಏರಿತು.

ಲಿಥಿಯಂ ಬ್ಯಾಟರಿ ಒಳಗೆ ಒಮ್ಮೆ ಕೆಟ್ಟಿತೆಂದರೆ ಅದಕ್ಕೆ ಹೊರಗಿನ ವಿದ್ಯುತ್ ಬೇಕಿಲ್ಲ. ತನ್ನನ್ನು ತಾನೇ ಬೇಯಿಸಿಕೊಳ್ಳುತ್ತದೆ. ಇದನ್ನು ಹುಡುಗರಿಗೆ ತರಬೇತಿಯಲ್ಲಿ ಪಾಠ ಹೇಳಿದವನೂ ನಾನೇ.

"ನಮ್ ಟೆಕ್ನಿಷಿಯನ್ ಬಿಟಿಎಂನಲ್ಲಿದ್ದಾರೆ, ಬರಕ್ಕೆ ಟೈಮ್ ಆಗುತ್ತೆ. ಫೈರ್ ಇಂಜಿನ್‌ಗೆ ನಾನು ಹೇಳ್ತೀನಿ. ನೀವು ಹೊರಡಿ ಸಾರ್" ಎಂದಳು. ನಾನು ಆಗಲೇ ಮೆಟ್ಟಿಲಲ್ಲಿದ್ದೆ. ಮಂಡಿಯ ನೋವು ಆ ದಿನ ನನಗೆ ನೆನಪೇ ಆಗಲಿಲ್ಲ.

ಬುದ್ಧಿ ನೆಟ್ಟಗಿದ್ದಿದ್ದರೆ ಜೆಪಿ ನಗರದ ಒಳರಸ್ತೆಗಳಲ್ಲಿ ಹೋಗುತ್ತಿದ್ದೆ. ಗಾಬರಿಯಲ್ಲಿ ಸ್ಕೂಟರನ್ನು ಬನಶಂಕರಿಯ ಕಡೆಗೆ ತಿರುಗಿಸಿದೆ. ಶುಕ್ರವಾರ, ರಾಹುಕಾಲ. ನಿಂಬೆಹಣ್ಣಿನ ದೀಪ ಹಚ್ಚುವ ಹೆಂಗಸರು ದೇವಸ್ಥಾನದಿಂದ ರಸ್ತೆಯವರೆಗೆ ತುಂಬಿದ್ದರು. ಆಟೋಗಳು ಎಲ್ಲೆಂದರಲ್ಲಿ ನಿಂತಿದ್ದವು. ಬಸ್ಸೊಂದು ಅಡ್ಡ ತಿರುಗಿ ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ಉಸಿರು ಬಿಡುತ್ತಿತ್ತು. ನಾನು ಹಾರ್ನ್ ಒತ್ತಿ ಹಿಡಿದೆ.

"ಏನ್ ಸಾರ್, ಹಾರ್ಕೊಂಡು ಹೋಗ್ತೀರಾ?" ಎಂದ ಪಕ್ಕದ ಆಟೋದವನು.

"ಹೌದು, ದಾರಿ ಬಿಡು" ಎಂದು ಕೂಗಿದೆ. ನನ್ನ ಮುಖ ನೋಡಿ ಏನನ್ನಿಸಿತೋ, ಇಳಿದು ಬಂದು ತನ್ನ ಮುಂದಿನ ಗಾಡಿಯನ್ನು ಕೈಯಿಂದಲೇ ಪಕ್ಕಕ್ಕೆ ತಳ್ಳಿ ಸ್ಕೂಟರ್ ನುಸುಳುವಷ್ಟು ಜಾಗ ಮಾಡಿದ. ಥ್ಯಾಂಕ್ಸ್ ಹೇಳಲೂ ಇಲ್ಲ.

ಸಾರಕ್ಕಿ ಸಿಗ್ನಲಿನಲ್ಲಿ ಮತ್ತೆ ಕೆಂಪು. ನಿಂತಲ್ಲೇ ಇನ್ನೊಮ್ಮೆ ಅಜ್ಜಿಗೆ ಫೋನ್ ಮಾಡಿದೆ. ಈ ಸಲ ರಿಂಗೂ ಆಗಲಿಲ್ಲ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದಿತು. ವರ್ಷಗಟ್ಟಲೆ ನಾನೇ ಬಿಡದೆ ನಡೆಸಿದ ಟವರು ಅದು. ಕಾವಿಗೆ ಅದರ ಉಸಿರು ನಿಂತಿತ್ತು. ಹಸಿರು ಬರುವ ಮುಂಚೆಯೇ ಹೊರಟೆ. ಹಿಂದಿನಿಂದ ಪೊಲೀಸಿನವರ ಸೀಟಿ ಕೇಳಿಸಿತು.

ಜರಗನಹಳ್ಳಿಯ ಓಣಿಯಲ್ಲಿ ಸ್ಕೂಟರನ್ನು ಗೇಟಿಗೆ ಒರಗಿಸಿದೆನೋ ಬೀಳಿಸಿದೆನೋ ಗೊತ್ತಿಲ್ಲ. ಕೆಳಗಿನ ಮೀಟರ್ ಬೋರ್ಡಿನಲ್ಲಿ ಟವರಿನ ಸ್ವಿಚ್ ಎಳೆದು ಆರಿಸಿ, ಪ್ರತಿ ಅಂತಸ್ತಿನಲ್ಲೂ ಬಾಗಿಲು ಬಡಿದು "ಆಚೆ ಬನ್ನಿ, ಆಚೆ ಬನ್ನಿ" ಎಂದು ಕೂಗುತ್ತ ಹತ್ತಿದೆ. ಕೊನೆಯ ಮೆಟ್ಟಿಲಿಗೆ ಬರುವಾಗ ಆ ವಾಸನೆ ಮೂಗಿಗೆ ಬಡಿಯಿತು. ಉಗುರುಬಣ್ಣದ ಶೀಶೆ ತೆರೆದಂಥ ಸಿಹಿ ವಾಸನೆ. ಬ್ಯಾಟರಿ ಒಡೆಯುವ ಮುಂಚಿನ ವಾಸನೆ.

ತಾರಸಿಯ ಮೇಲೆ ಏನೂ ಆಗಿಲ್ಲದಂತಿತ್ತು. ಹಸಿರು ಸೀರೆಯ ಚಪ್ಪರ. ಅದರ ಕೆಳಗಿನಿಂದ ಶುರುವಾಗಿ ಮೆಟ್ಟಿಲ ಬಾಗಿಲವರೆಗೂ ಹಾಸಿದ ಪಂಚೆಗಳ ಮೇಲೆ ಬಿಳಿಯ ಸಂಡಿಗೆಯ ಸಾಲು. ಅಜ್ಜಿ ಮಣೆಯ ಮೇಲೆ ಕಾಲು ಚಾಚಿ, ಡಬ್ಬಿಗೆ ಬೆನ್ನು ಕೊಟ್ಟು, ಕೋಲನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದರು. ಅವರ ಬೆನ್ನ ಹಿಂದೆ ಕಬ್ಬಿಣದ ತಗಡು ಹೊಟ್ಟೆಯುಬ್ಬಿತ್ತು.

"ಅಜ್ಜಿ! ಏಳಿ!"

ಕಣ್ಣು ಬಿಟ್ಟು ನನ್ನನ್ನು ನೋಡಿ ಮುಖ ಅರಳಿಸಿದರು. "ಬಂದ್ಯಾ? ಹಿಟ್ ಆರೋಯ್ತಲ್ಲಪ್ಪ. ಇವತ್ತು ನಿಮ್ ಡಬ್ಬಿ ಚೆನ್ನಾಗ್ ಕಾದೈತೆ, ಬೆನ್ ನೋವೆಲ್ಲಾ..."

ಅವರ ಮಾತು ಮುಗಿಯುವವರೆಗೆ ನಾನು ನಿಲ್ಲಲಿಲ್ಲ. ಪಂಚೆಗಳ ಮೇಲೆಯೇ ಓಡಿದೆ. ಬೂಟಿನ ಕೆಳಗೆ ಹಸಿ ಸಂಡಿಗೆ ಪಚಪಚ ಎಂದಿತು. "ಅಯ್ಯೋ, ತುಳಿಬ್ಯಾಡ! ಕಣ್ಣಿಲ್ವಾ ನಿಂಗೆ? ಅನ್ನ ಕಣೋ ಅದು!" ಎಂದು ಅಜ್ಜಿ ಚೀರಿದರು. ಅವರ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದೆ. ಅವರು ಕೋಲಿನಿಂದ ನನ್ನ ಭುಜಕ್ಕೆ ಹೊಡೆದರು. ಹೊಡೆಸಿಕೊಳ್ಳುತ್ತಲೇ ಎಳೆದುಕೊಂಡು ಬಂದು, ಮೆಟ್ಟಿಲ ಕೋಣೆಗೆ ನೂಕಿ, ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತೆ. ಅಜ್ಜಿ ಏದುಸಿರು ಬಿಡುತ್ತ, "ಏನ್ ಬಂತು ನಿಂಗೆ? ಹುಚ್ಚಾ?" ಎಂದು ಕೇಳುತ್ತಿದ್ದರು. 

ಆಗ ಹೊರಗೆ ಸದ್ದಾಯಿತು. ಸಿನಿಮಾದ ಸ್ಫೋಟವಲ್ಲ, ಕುಕ್ಕರಿನ ಮುಚ್ಚಳ ಹಾರಿದಂಥ ಸದ್ದು. ಅದರ ಹಿಂದೆಯೇ ಉದ್ದಕ್ಕೆ ಬುಸ್ಸೆನ್ನುವ ಸದ್ದು. ಬಾಗಿಲಿನ ಸಂದಿಯಿಂದ ಬೂದು ಹೊಗೆ ಒಳನುಗ್ಗಿತು.  ಅಜ್ಜಿ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡರು. ಕೆಳಗಿಳಿದು ರಸ್ತೆ ಮುಟ್ಟುವವರೆಗೂ ಬಿಡಲಿಲ್ಲ.

ಫೈರ್ ಇಂಜಿನ್ ಬಂತು. ಯಾರಿಗೂ ಏನೂ ಆಗಲಿಲ್ಲ. ಡಬ್ಬಿ ಒಳಗಿನಿಂದ ಸುಟ್ಟಿತ್ತು. ಅದರ ಹಿಂಬದಿಯ ತಗಡು ಹಾರಿ ಮಣೆಯ ಮೇಲೆ ಬಿದ್ದಿತ್ತು. ಹಸಿರು ಸೀರೆಯಲ್ಲಿ ಉಳಿದದ್ದು ಪ್ಯಾರಪೆಟ್ ಕಂಬಿಗೆ ಕಟ್ಟಿದ್ದ ಗಂಟು ಮಾತ್ರ.

ಆ ಸಂಜೆ ಗಿರಿನಗರದ ಮನೆಯಲ್ಲಿ ಹೆಂಡತಿ ನನ್ನ ಬೂಟು ತೊಳೆಯಲು ಹೋಗಿ, ತಳಕ್ಕೆ ಮೆತ್ತಿದ್ದ ಹಿಟ್ಟನ್ನು ಕಂಡು ಏನೆಂದು ಕೇಳಿದಳು. ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿ, "ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದ್ರೆ ಬೀದಿಗೆ ಕೇಳೋ ಹಾಗೆ ಕೂಗ್ತೀರಲ್ಲ, ಆ ಬಾಯಿ ಅಲ್ಲಿ ಎಲ್ಲಿಗೆ ಹೋಗಿತ್ತು? ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇರಲ್ಲ ಅಂತ ಸುಮ್ನೆ ಹೇಳ್ತಾರಾ?" ಎಂದಳು. ನಾನು ಆ ರಾತ್ರಿ ಊಟ ಮಾಡಲಿಲ್ಲ. ನಾಚಿಕೆಯಾಗಿತ್ತು.

ಸೋಮವಾರ ಇಂಜಿನಿಯರ್ ಹುಡುಗಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫ್ಯಾನಿನ ಗೆರೆಯನ್ನು ಮೂರು ವಾರ ಹಿಂದಕ್ಕೆ ಎಳೆದು ತೋರಿಸಿದಳು. ಅಷ್ಟು ದಿನದಿಂದಲೂ ಅದು ಕುಂಟುತ್ತ ಬಂದಿತ್ತು. ಕಾವು ದಿನದಿನಕ್ಕೂ ಒಂಚೂರು ಏರಿತ್ತು. "ಬೇರೆ ಯಾವ ಸೈಟಲ್ಲಾದ್ರೂ ಇಷ್ಟು ಕಂಡಿದ್ರೆ ಎಐ ಮೊದಲ್ನೇ ವಾರಾನೇ ಯಾರನ್ನಾದ್ರೂ ಕಳಿಸ್ತಿತ್ತು ಸಾರ್. ಈ ಸೈಟ್ ಒಂದ್ರಲ್ಲಿ ಮಾತ್ರ, ಬಿಸಿ ಅಂದ್ರೆ ತಲೆ ಕೆಡಿಸ್ಕೋಬೇಡ ಅಂತ ಕಲ್ತುಬಿಟ್ಟಿದೆ" ಎಂದಳು. ಯಾರಿಂದ ಕಲಿಯಿತು ಎಂದು ಆಕೆ ಹೇಳಲಿಲ್ಲ. ಆ ಹುಡುಗಿಯ ದೊಡ್ಡತನ ಅದು. ನಾನಾಗಿದ್ದರೆ ಹೇಳದೆ ಬಿಡುತ್ತಿರಲಿಲ್ಲ.

ಅಂದು ಇಬ್ಬರೂ ಕೂತು ನಲವತ್ತೊಂದು ಟಿಕೆಟುಗಳನ್ನು ಒಂದೊಂದಾಗಿ ತೆರೆದೆವು. ಅಂಗಿಯ ಮೇಲಿನ ಕಲೆ ಉಜ್ಜುವಂತೆ ಬಿಸಿಲನ್ನು ಅಳಿಸಿ, 'ಮಾಲೀಕರಿಂದ ಅಡ್ಡಿ' ಎಂದು ಬರೆದೆ. ಸಂಡಿಗೆ ಎಂಬ ಕಾರಣ ಪಟ್ಟಿಯಲ್ಲಿರಲಿಲ್ಲ. ಹತ್ತನೆಯದಕ್ಕೆ ಬರುವಾಗ ಕೈ ನಿಂತಿತು. "ಎಐ ಇದನ್ನ ಓದಿ ಏನ್ ಮಾಡುತ್ತೆ?" ಎಂದು ಕೇಳಿದೆ. "ಏನ್ ಮಾಡ್ಬೇಕೋ ಅದನ್ನೇ ಮಾಡುತ್ತೆ ಸಾರ್" ಎಂದಳು. ಮಾಡಿತು. ಎರಡು ದಿನದಲ್ಲಿ ಜರಗನಹಳ್ಳಿಯ ಆ ಮನೆಗೆ ನೋಟೀಸು ಹೋಯಿತು. ಹೊಸ ಡಬ್ಬಿ ಕೂರಿಸುವಾಗ ಸುತ್ತ ಜಾಲರಿ ಬೇಲಿ ಹಾಕಿ ಬೀಗ ಜಡಿಯಬೇಕೆಂದು ಆದೇಶವಾಯಿತು. ನನಗೊಂದು ಎಚ್ಚರಿಕೆ ಪತ್ರ ಬಂತು. ಅದು ನನಗೆ ಸಿಗಬೇಕಾದದ್ದೇ, ಬೇಸರವಾಗಲಿಲ್ಲ.

ಬೇಲಿ ಹಾಕುವ ದಿನ ನಾನೇ ಹೋಗುತ್ತೇನೆಂದು ಕೇಳಿಕೊಂಡು ಹೋದೆ. ವೆಲ್ಡಿಂಗಿನವರು ಸರಳುಗಳನ್ನು ನಿಲ್ಲಿಸುತ್ತಿದ್ದರು. ಬೇಲಿಯೊಳಗೆ ಹೋದ ಜಾಗದಲ್ಲಿ ಅಜ್ಜಿಯ ಕೊನೆಯ ಸಂಡಿಗೆಯ ಗುರುತುಗಳು ಸಿಮೆಂಟಿನ ಮೇಲೆ ಬಿಳಿಯ ಉಂಗುರಗಳಾಗಿ ಇನ್ನೂ ಉಳಿದಿದ್ದವು. ಅಜ್ಜಿ ಮೆಟ್ಟಿಲ ಕೋಣೆಯ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದರು. ನನಗೆ ಅವರ ಹತ್ತಿರ ಹೋಗಲು ಹೆದರಿಕೆ. ಬೆಂಕಿಯ ದಿನ ಇಲ್ಲದ ಹೆದರಿಕೆ ಇದು.

ಅವರೇ ಕರೆದರು. "ಬಾರಪ್ಪ ಇಲ್ಲಿ."

ಹೋಗಿ ಅವರೆದುರು ನೆಲದ ಮೇಲೆ ಕೂತೆ.

"ಸೊಸೆ ಕಾಗ್ದ ಓದಿ ಹೇಳಿದ್ಲು. ನಾನು ಅಡ್ಡ ಅಂತ ಬರ್ದವ್ರಂತೆ. ಯಾರಪ್ಪ ಬರ್ದೋರು?"

ಕಂಪ್ಯೂಟರ್ ಬರೆಯಿತು ಎನ್ನಬಹುದಿತ್ತು. ಒಂದರ್ಥದಲ್ಲಿ ನಿಜವೇ. ಆದರೂ "ನಾನೇ ಅಜ್ಜಿ" ಎಂದೆ. ಆಮೇಲೆ ಪೂರ್ತಿ ಹೇಳಿದೆ. ಡಬ್ಬಿ ಬಾಗಿಲಿನಿಂದ ಉಸಿರೆಳೆಯುವುದು, ಸೀರೆ ಅದನ್ನು ಮುಚ್ಚುತ್ತಿದ್ದದ್ದು, ನಾನು ಬಿಸಿಲೆಂದು ಬರೆದದ್ದು, ಯಂತ್ರ ನನ್ನ ಮಾತು ನಂಬಿದ್ದು. 

"ಅಂದ್ರೆ ನೀನು ಬರ್ತಿದ್ದದ್ದು ಹಿಟ್ ತಿನ್ನಕ್ಕಲ್ಲ."

"ಅದಕ್ಕೂ ಬರ್ತಿದ್ದೆ ಅಜ್ಜಿ."

"ಐದ್ ವರ್ಸದಿಂದ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ಹೇಳಿದ್ರೆ ನೀವು ನೊಂದ್ಕೋತೀರ ಅಂತ..."

ಅಜ್ಜಿ ನನ್ನ ಮುಖವನ್ನೇ ನೋಡಿದರು. ಕೋಪವಿದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರಿಗೆ ಬರೀ ಆಶ್ಚರ್ಯವಾಗಿತ್ತು.

"ನಂಗೊಂದ್ ಮಾತು ಹೇಳಕ್ಕೇನಾಗಿತ್ತಪ್ಪ? ಸೀರೇನ ಆ ನೀರಿನ ಪೈಪಿಗೆ ಕಟ್ತಿದ್ದೆ" ಎಂದರು.

ನಾನು ತಿರುಗಿ ನೋಡಿದೆ. ಟ್ಯಾಂಕಿನಿಂದ ಇಳಿಯುವ ಪೈಪು ಬೇಲಿಯಿಂದಾಚೆಗೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ನಾನು ಮೊದಲ ಸಲ ಆ ತಾರಸಿ ಹತ್ತಿದ ದಿನದಿಂದಲೂ ಅಲ್ಲೇ ಇತ್ತು.